ಜೀಪು, ಪಿಕಪ್‌ಗೆ ಶಾಕ್ ಅಬ್ಸಾರ್ಬರ್: ಆರಿಸುವುದು ಹೇಗೆ, ಟ್ಯೂನ್ ಮಾಡುವುದು ಹೇಗೆ

ಮೈಸೂರು, ಮಂಡ್ಯದ ಕಡೆ ಥಾರ್, ಜಿಮ್ನಿ, ಜಿಪ್ಸಿ, ವಿ-ಕ್ರಾಸ್, ಹೈಲಕ್ಸ್ ಇಟ್ಟುಕೊಂಡವರು ಸಿಕ್ಕಾಗಲೆಲ್ಲ ಕೇಳುವ ಪ್ರಶ್ನೆ ಒಂದೇ: "ಯಾವ ಕಂಪನಿ ಶಾಕ್ ಹಾಕಿಸಲಿ?" ನಾನು ತಿರುಗಿ ಕೇಳುತ್ತೇನೆ: "ನಿಮ್ಮ ಗಾಡಿ ಎಷ್ಟು ತೂಗುತ್ತದೆ? ಮುಂದೆ ಎಷ್ಟು, ಹಿಂದೆ ಎಷ್ಟು?" ಇದಕ್ಕೆ ಥಟ್ಟಂತ ಉತ್ತರ ಕೊಟ್ಟವರು ತೀರಾ ಕಡಿಮೆ. ಆದರೆ ಶಾಕ್ ಆರಿಸುವ ಕೆಲಸ ಶುರುವಾಗುವುದೇ ಅಲ್ಲಿಂದ. ಕಂಪನಿ ಹೆಸರು ಕೊನೆಗೆ ಬಂದರೂ ಸಾಕು.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಗಟ್ಟಿ ಶಾಕ್ ಅಂದರೆ ಒಳ್ಳೆಯ ಶಾಕ್ ಅಂತ ನಮ್ಮ ಕಡೆ ಒಂದು ನಂಬಿಕೆ ಇದೆ. ಅದು ತಪ್ಪು. ಕಲ್ಲು, ಹಳ್ಳ, ಗದ್ದೆ ಬದುವಿನ ಮೇಲೆ ಗಾಡಿಯನ್ನು ಕಾಪಾಡುವುದು ನೆಲಕ್ಕೆ ಅಂಟಿಕೊಂಡಿರುವ ಟೈರು. ತೀರಾ ಗಟ್ಟಿ ಶಾಕ್ ಆ ಟೈರನ್ನು ನೆಲದಿಂದ ಎಬ್ಬಿಸುತ್ತದೆ.

ಮೊದಲು ನಾಲ್ಕು ಪದ

ಗಾಡಿಯ ಭಾರ ಹೊರುವುದು ಸ್ಪ್ರಿಂಗ್. ಶಾಕ್ ಭಾರ ಹೊರುವುದಿಲ್ಲ. ಸ್ಪ್ರಿಂಗನ್ನು ಒಮ್ಮೆ ಅದುಮಿ ಬಿಟ್ಟರೆ ಅದು ಕುಣಿಯುತ್ತಲೇ ಇರುತ್ತದೆ. ಆ ಕುಣಿತ ಅಡಗಿಸುವುದು ಶಾಕ್‌ನ ಕೆಲಸ. ಒಳಗೆ ಎಣ್ಣೆ ತುಂಬಿದ ಕೊಳವೆ, ಅದರಲ್ಲಿ ಓಡಾಡುವ ಪಿಸ್ಟನ್, ಪಿಸ್ಟನ್ನಿನಲ್ಲಿ ಸಣ್ಣ ತೂತುಗಳು. ಆ ತೂತುಗಳನ್ನು ಮುಚ್ಚಿಕೊಂಡಿರುವ ತೆಳು ಉಕ್ಕಿನ ಬಿಲ್ಲೆಗಳಿಗೆ ಶಿಮ್ ಅನ್ನುತ್ತಾರೆ. ಎಣ್ಣೆ ಇವುಗಳ ನಡುವೆ ನುಸುಳಿ ಹೋಗುವಾಗ ಬಿಸಿಯಾಗುತ್ತದೆ. ಸ್ಪ್ರಿಂಗಿನ ಕುಣಿತವೇ ಬಿಸಿಯಾಗಿ ಹೊರಗೆ ಹೋಗುತ್ತದೆ.

ಚಕ್ರ ಮೇಲಕ್ಕೆ ಬಂದು ಶಾಕ್ ಮುಚ್ಚಿಕೊಳ್ಳುವುದು ಕಂಪ್ರೆಷನ್. ಚಕ್ರ ಕೆಳಕ್ಕೆ ಇಳಿದು ಶಾಕ್ ಬಿಚ್ಚಿಕೊಳ್ಳುವುದು ರಿಬೌಂಡ್. ಗುಂಡಿಯಲ್ಲಿ ಚಕ್ರ ಎಷ್ಟು ಕೆಳಗೆ ಜೋತುಬೀಳಬಲ್ಲದೋ ಅದು ಡ್ರೂಪ್. ಚಕ್ರ ಪೂರ್ತಿ ಮೇಲೆ ಬಂದಾಗ ಬಂದು ತಾಗುವ ರಬ್ಬರ್ ಮುದ್ದೆ ಬಂಪ್ ಸ್ಟಾಪ್.

ಏನೇನು ಬೇಕು

ಟೇಪು, ಎರಡು ಜಾಕಿ, ಎರಡು ಆಕ್ಸಲ್ ಸ್ಟ್ಯಾಂಡ್, ಚಕ್ರಕ್ಕೆ ಕೊಡಲು ಮರದ ಅಡ್ಡೆ, ಟಾರ್ಕ್ ರೆಂಚ್ (ಬೋಲ್ಟನ್ನು ಇಂತಿಷ್ಟೇ ಬಿಗಿ ಅಂತ ಅಳೆದು ಬಿಗಿಸುವ ಸ್ಪ್ಯಾನರ್), ಟೈರ್ ಗಾಳಿ ನೋಡುವ ಗೇಜ್, ಕೇಬಲ್ ಟೈ, ಸ್ವಲ್ಪ ಸುಣ್ಣ, ಒಂದು ನೋಟ್‌ಬುಕ್. ಸುಣ್ಣ ಯಾಕೆ ಅಂತ ಮುಂದೆ ಹೇಳುತ್ತೇನೆ.

1. ಹಳೆಯ ಶಾಕ್ ನಿಜವಾಗಿ ಹೋಗಿದೆಯಾ ನೋಡಿ

ಶಾಕ್ ಮೇಲೆ ತೆಳುವಾಗಿ ಎಣ್ಣೆ ಪಸೆ ಇದ್ದು ಧೂಳು ಅಂಟಿದ್ದರೆ ಗಾಬರಿ ಬೇಡ. ಎಣ್ಣೆ ಇಳಿದು ಗೆರೆ ಕಟ್ಟಿದ್ದರೆ ಸೀಲ್ (ಎಣ್ಣೆ ಹೊರಬರದಂತೆ ತಡೆಯುವ ರಬ್ಬರ್ ಬಳೆ) ಹೋಗಿದೆ ಎಂದರ್ಥ. ಪಿಸ್ಟನ್ನಿಗೆ ಜೋಡಿಸಿದ ಹೊಳೆಯುವ ಸರಳಿನ ಮೇಲೆ ಉಗುರು ಎಳೆದು ನೋಡಿ. ಗೀರು, ತುಕ್ಕಿನ ಚುಕ್ಕಿ ಉಗುರಿಗೆ ಸಿಕ್ಕಿದರೆ ಇವತ್ತಲ್ಲ ನಾಳೆ ಅದು ಸೀಲನ್ನು ಹರಿಯುತ್ತದೆ.

ಬಾನೆಟ್ ಮೇಲೆ ಕೈಯೂರಿ ಅದುಮಿ ಬಿಡುವ ಪರೀಕ್ಷೆ ಎಲ್ಲರಿಗೂ ಗೊತ್ತು. ಪ್ಲೇಟ್ ಸ್ಪ್ರಿಂಗ್ ಇರುವ ಗಾಡಿಯ ಹಿಂಭಾಗಕ್ಕೆ ಇದನ್ನು ನಂಬಬೇಡಿ. ಪ್ಲೇಟುಗಳು ಒಂದಕ್ಕೊಂದು ಉಜ್ಜಿಕೊಂಡೇ ಕುಣಿತ ನಿಲ್ಲಿಸುತ್ತವೆ, ಸತ್ತ ಶಾಕ್ ಕೂಡ ಚೆನ್ನಾಗಿದೆ ಅನ್ನಿಸುತ್ತದೆ. ಅದರ ಬದಲು ಹತ್ತು ಕಿಲೋಮೀಟರ್ ಕೆಟ್ಟ ರಸ್ತೆ ಓಡಿಸಿ, ಇಳಿದು, ಶಾಕ್‌ಗಳ ಹತ್ತಿರ ಕೈಹಿಂಭಾಗ ತಂದು ನೋಡಿ. ಮೊದಲೇ ಗಟ್ಟಿಯಾಗಿ ಹಿಡಿಯಬೇಡಿ, ಸುಟ್ಟೀತು. ಒಂದೇ ಆಕ್ಸಲ್‌ನ ಎರಡು ಶಾಕ್‌ಗಳಲ್ಲಿ ಒಂದು ಬಿಸಿ, ಇನ್ನೊಂದು ತಣ್ಣಗಿದ್ದರೆ ತಣ್ಣಗಿರುವುದು ಕೆಲಸ ಮಾಡುತ್ತಿಲ್ಲ. ಬದಲಿಸುವಾಗ ಮಾತ್ರ ಜೋಡಿಯಾಗಿಯೇ ಬದಲಿಸಿ.

2. ಗಾಡಿ ತೂಗಿಸಿ

ಇದು ನಮ್ಮ ಜಿಲ್ಲೆಗಳಲ್ಲಿ ಸುಲಭ. ಕಬ್ಬು, ಬೆಲ್ಲ, ಭತ್ತದ ವ್ಯವಹಾರ ಇರುವ ಕಡೆಯಲ್ಲೆಲ್ಲ ವೇ ಬ್ರಿಡ್ಜ್ ಸಿಗುತ್ತದೆ. ಟ್ರಾಕ್ಟರ್ ಸಾಲು ಇಲ್ಲದ ಹೊತ್ತು ನೋಡಿಕೊಂಡು ಹೋಗಿ. ಮೊದಲು ಮುಂದಿನ ಚಕ್ರ ಮಾತ್ರ ತಟ್ಟೆಯ ಮೇಲೆ, ಆಮೇಲೆ ಇಡೀ ಗಾಡಿ, ಕೊನೆಗೆ ಹಿಂದಿನ ಚಕ್ರ ಮಾತ್ರ. ಮೂರೂ ಚೀಟಿ ಇಟ್ಟುಕೊಳ್ಳಿ. ಡೀಸೆಲ್ ತುಂಬಿರಲಿ. ನೀವು ಕಾಡುದಾರಿಗೆ ಹೋಗುವಾಗ ಏನೆಲ್ಲ ಹಾಕಿಕೊಳ್ಳುತ್ತೀರೋ ಅದೆಲ್ಲ ಒಳಗಿರಲಿ: ಜನ, ನೀರಿನ ಕ್ಯಾನು, ಟೂಲ್ಸ್, ಸ್ಟೆಪ್ನಿ. ಪಿಕಪ್ ಆದರೆ ಖಾಲಿ ಒಂದು ಸಲ, ಲೋಡ್ ಹಾಕಿ ಒಂದು ಸಲ.

ಸ್ಟೀಲ್ ಬಂಪರ್ ಮತ್ತು ವಿಂಚ್ (ಸಿಕ್ಕಿಬಿದ್ದ ಗಾಡಿಯನ್ನು ಹಗ್ಗದಿಂದ ಎಳೆಯುವ ಯಂತ್ರ) ಹಾಕಿಸಿದ್ದರೆ ಮುಂಭಾಗಕ್ಕೆ ನೂರು ಕಿಲೋ ಹತ್ತಿರ ಸೇರಿರಬಹುದು. ಕಂಪನಿಯ ಸ್ಪ್ರಿಂಗ್ ಅದಕ್ಕೆ ಅಂತ ಮಾಡಿದ್ದಲ್ಲ. ಮೂತಿ ತಗ್ಗಿಸಿಕೊಂಡು ನಿಂತ ಗಾಡಿಗೆ ಎಷ್ಟು ದುಬಾರಿ ಶಾಕ್ ಹಾಕಿದರೂ ಮೂತಿ ಮೇಲೆ ಬರುವುದಿಲ್ಲ. ಹೀಗಿದ್ದರೆ ಮೊದಲು ಸ್ಪ್ರಿಂಗ್ ಬದಲಿಸಿ, ಆಮೇಲೆ ಆ ಸ್ಪ್ರಿಂಗಿಗೆ ತಕ್ಕ ಶಾಕ್. ಕ್ರಮ ಉಲ್ಟಾ ಮಾಡಿದವರು ಎರಡು ಸಲ ದುಡ್ಡು ಕೊಡುತ್ತಾರೆ.

3. ಉದ್ದ ಅಳೆಯಿರಿ

ಅತಿ ಹೆಚ್ಚು ತಪ್ಪಾಗುವುದು ಇಲ್ಲೇ. "ಎರಡು ಇಂಚು ಲಿಫ್ಟ್‌ಗೆ ಎರಡು ಇಂಚು ಉದ್ದದ ಶಾಕ್" ಅಂತ ಅಂಗಡಿಯಲ್ಲಿ ಹೇಳುತ್ತಾರೆ. ಲಿಫ್ಟ್ ಅಂದರೆ ಗಾಡಿಯನ್ನು ಎತ್ತರಿಸುವುದು. ಅಂಗಡಿಯವರ ಆ ಮಾತು ಒಂದು ಅಂದಾಜು ಅಷ್ಟೇ. ಮೂರು ಅಳತೆ ಬೇಕು, ಮೂರೂ ಮೇಲಿನ ಬೋಲ್ಟಿನ ನಡುವಿನಿಂದ ಕೆಳಗಿನ ಬೋಲ್ಟಿನ ನಡುವಿನವರೆಗೆ.

ಮೊದಲನೆಯದು, ಗಾಡಿ ಸಮ ನೆಲದ ಮೇಲೆ ಸುಮ್ಮನೆ ನಿಂತಾಗ. ಎರಡನೆಯದು, ಚಕ್ರ ಪೂರ್ತಿ ಮೇಲೆ ಹೋಗಿ ಬಂಪ್ ಸ್ಟಾಪ್‌ಗೆ ತಾಗಿದಾಗ. ಮೂರನೆಯದು, ಚಕ್ರ ಪೂರ್ತಿ ಕೆಳಗೆ ಜೋತಾಡುವಾಗ.

ಎರಡನೆಯದು ಸ್ವಲ್ಪ ಕಷ್ಟ. ಆಕ್ಸಲ್ ಕೆಳಗೆ ಜಾಕಿ ಕೊಟ್ಟು ಎತ್ತಿದರೆ ಗಾಡಿಯೇ ಮೇಲೆ ಬರುತ್ತದೆ, ಸ್ಪ್ರಿಂಗ್ ಮಡಚುವುದಿಲ್ಲ. ಪ್ಲೇಟ್ ಸ್ಪ್ರಿಂಗ್ ಗಾಡಿಯಾದರೆ ನಾನು ಮಾಡುವುದು ಹೀಗೆ: ಗಟ್ಟಿಯಾದ ಒಂದು ಬದುವಿನ ಮೇಲೆ ಒಂದೇ ಚಕ್ರ ನಿಧಾನಕ್ಕೆ ಹತ್ತಿಸುತ್ತೇನೆ. ಆ ಕಡೆ ಸ್ಪ್ರಿಂಗ್ ಮಡಚುತ್ತದೆ, ಎದುರು ಕಡೆ ಜೋತುಬೀಳುತ್ತದೆ. ಎಂಜಿನ್ ಆಫ್, ಗೇರಲ್ಲಿ, ಹ್ಯಾಂಡ್ ಬ್ರೇಕ್, ಉಳಿದ ಚಕ್ರಗಳಿಗೆ ಅಡ್ಡೆ. ಹೊರಗೆ ನಿಂತು ಪಕ್ಕದಿಂದ ಟೇಪು ಹಿಡಿಯಿರಿ, ಗಾಡಿಯ ಕೆಳಗೆ ತಲೆ ಹಾಕಬೇಡಿ. ಬಂಪ್ ಸ್ಟಾಪ್ ಇನ್ನೂ ತಾಗದಿದ್ದರೆ ಉಳಿದ ಸಂದು ಎಷ್ಟು ಅಂತ ಅಳೆದು ಕಳೆಯಿರಿ.

ಒಂದು ಉದಾಹರಣೆ. ನಿಂತಾಗ 480 ಮಿಲಿಮೀಟರ್, ಬಂಪ್ ಸ್ಟಾಪ್ ತಾಗಿದಾಗ 385, ಜೋತಾಗ 580 ಅಂತಿಟ್ಟುಕೊಳ್ಳಿ. ಹಾಗಾದರೆ ಪೂರ್ತಿ ಮುಚ್ಚಿದ ಶಾಕ್ 385 ಇದ್ದರೆ ಸಾಕಾ? ಸಾಲದು. ಬಂಪ್ ಸ್ಟಾಪ್ ರಬ್ಬರು, ಜೋರು ಏಟಿಗೆ ಅದೂ ಅದುಮುತ್ತದೆ. ಅದರ ಎತ್ತರದ ಅರ್ಧದಷ್ಟಾದರೂ ಕಳೆಯಬೇಕು, ಮೇಲೆ ಹತ್ತು ಮಿಲಿಮೀಟರ್ ಮುನ್ನೆಚ್ಚರಿಕೆಗೆ. 40 ಮಿಲಿಮೀಟರ್ ರಬ್ಬರಾದರೆ 385ರಲ್ಲಿ 20 ಕಳೆದು, ಇನ್ನು ಹತ್ತು ಕಳೆದು, 355. ಮುಚ್ಚಿದ ಉದ್ದ 355 ಅಥವಾ ಅದಕ್ಕಿಂತ ಕಡಿಮೆ ಇರುವ ಶಾಕ್ ಬೇಕು. ಇಲ್ಲದಿದ್ದರೆ ರಬ್ಬರ್ ತಿನ್ನಬೇಕಾದ ಏಟನ್ನು ಶಾಕ್ ತಿನ್ನುತ್ತದೆ. ಸರಳು ಬಾಗುತ್ತದೆ, ಇಲ್ಲವೇ ಮೇಲಿನ ಬ್ರಾಕೆಟ್ ಚಾಸಿಯಿಂದ ಕಿತ್ತು ಬರುತ್ತದೆ.

ಬಿಚ್ಚಿದ ಉದ್ದದ ಕಡೆ ದುರಾಸೆ ಬೇಡ. ಜಾಸ್ತಿ ಉದ್ದ ಇದ್ದಷ್ಟೂ ಚಕ್ರ ಕೆಳಗಿಳಿಯುತ್ತದೆ ನಿಜ. ಆದರೆ ಅದರ ಜೊತೆಗೆ ಬ್ರೇಕ್ ಹೋಸ್ ಎಳೆಯುತ್ತದೆ, ಕಾಯಿಲ್ ಸ್ಪ್ರಿಂಗ್ ತನ್ನ ಸೀಟಿನಿಂದ ಸಡಿಲವಾಗುತ್ತದೆ, ಮುಂದಿನ ಡ್ರೈವ್ ಶಾಫ್ಟಿನ ಸಿ.ವಿ. ಜಾಯಿಂಟ್ (ಚಕ್ರ ಏಳುಬೀಳುವಾಗಲೂ ಅದನ್ನು ತಿರುಗಿಸುವ ಕೀಲು) ತಡೆಯಲಾರದ ಕೋನಕ್ಕೆ ಹೋಗುತ್ತದೆ. ಚಕ್ರ ಜೋತಾಡುವಾಗ ಬ್ರೇಕ್ ಹೋಸ್ ಬೆರಳಿನಿಂದ ಒತ್ತಿ ನೋಡಿ. ವೀಣೆ ತಂತಿಯಂತೆ ಬಿಗಿದಿದ್ದರೆ ಆ ಶಾಕ್ ಬೇಡ.

ಮುಂದಿನ ಚಕ್ರಗಳು ಬೇರೆ ಬೇರೆಯಾಗಿ ಏಳುವ ಗಾಡಿಗಳಲ್ಲಿ ಇನ್ನೊಂದು ಲೆಕ್ಕ ಇದೆ. 2020ರ ನಂತರದ ಥಾರ್, ವಿ-ಕ್ರಾಸ್, ಹೈಲಕ್ಸ್ ಮುಂಭಾಗ ಹೀಗಿದೆ. ಇಲ್ಲಿ ಶಾಕ್, ಚಕ್ರವನ್ನು ಚಾಸಿಗೆ ಜೋಡಿಸುವ ತೋಳಿನ ನಡುವೆ ಎಲ್ಲೋ ಕೂತಿರುತ್ತದೆ, ಚಕ್ರದ ಹತ್ತಿರ ಅಲ್ಲ. ಚಕ್ರ ಹತ್ತು ಸೆಂಟಿಮೀಟರ್ ಎದ್ದರೆ ಶಾಕ್ ಅದಕ್ಕಿಂತ ಎಷ್ಟೋ ಕಡಿಮೆ ಚಲಿಸುತ್ತದೆ. ಆದ್ದರಿಂದ ಶಾಕ್ ಮೇಲೆ ಇಡುವ ಸಣ್ಣ ಸ್ಪೇಸರ್ ಕೂಡ ಗಾಡಿಯನ್ನು ಅದರ ದಪ್ಪಕ್ಕಿಂತ ಜಾಸ್ತಿ ಎತ್ತುತ್ತದೆ. ಜಿಪ್ಸಿಯಲ್ಲಿ ನಾಲ್ಕೂ ಕಡೆ ಪ್ಲೇಟ್, ಜಿಮ್ನಿಯಲ್ಲಿ ನಾಲ್ಕೂ ಕಡೆ ಕಾಯಿಲ್ ಇದ್ದರೂ ಎರಡರಲ್ಲೂ ಆಕ್ಸಲ್ ಒಂದೇ ಗಟ್ಟಿ ದಂಡ. ಅಲ್ಲಿ ಲೆಕ್ಕ ಸರಳ.

4. ಯಾವ ಜಾತಿಯ ಶಾಕ್

ಟ್ವಿನ್ ಟ್ಯೂಬ್ ಅಂದರೆ ಕೊಳವೆಯೊಳಗೆ ಕೊಳವೆ. ಹೊರಗಿನ ಕೊಳವೆಗೆ ಕಲ್ಲು ಬಡಿದು ಸ್ವಲ್ಪ ಜಜ್ಜಿದರೂ ಪಿಸ್ಟನ್ ಓಡಾಡುವ ಒಳಗಿನದು ಉಳಿಯುತ್ತದೆ. ಮೆತ್ತಗೆ ಇರುತ್ತದೆ, ಬೆಲೆ ಕಡಿಮೆ. ಆದರೆ ಬಿಸಿ ಬೇಗ ಹೊರಗೆ ಹೋಗುವುದಿಲ್ಲ. ಉದ್ದಕ್ಕೆ ಕೆಟ್ಟ ರಸ್ತೆ ಸಿಕ್ಕರೆ ಎಣ್ಣೆ ನೊರೆಯಾಗಿ ಶಾಕ್ ಸೋಲುತ್ತದೆ. ಇದಕ್ಕೆ ಫೇಡ್ ಅನ್ನುತ್ತಾರೆ. ಗ್ಯಾಸ್ ತುಂಬಿದ ಟ್ವಿನ್ ಟ್ಯೂಬ್‌ನಲ್ಲಿ ನೊರೆ ತಡವಾಗಿ ಬರುತ್ತದೆ.

ಮೋನೋಟ್ಯೂಬ್‌ನಲ್ಲಿ ಒಂದೇ ಕೊಳವೆ. ಎಣ್ಣೆ, ಅದರಾಚೆ ತೇಲುವ ಒಂದು ಬಿರಡೆ, ಬಿರಡೆಯ ಹಿಂದೆ ಒತ್ತಡದಲ್ಲಿ ನೈಟ್ರೋಜನ್. ಬಿಸಿ ಬೇಗ ಹೊರಗೆ ಹೋಗುತ್ತದೆ, ನೊರೆ ಕಟ್ಟುವುದು ಕಡಿಮೆ. ಆದರೆ ಕೊಳವೆ ಜಜ್ಜಿದರೆ ಪಿಸ್ಟನ್ ಸಿಕ್ಕಿಕೊಳ್ಳುತ್ತದೆ. ಕೆಲವಕ್ಕೆ ಪಕ್ಕದಲ್ಲಿ ಒಂದು ಡಬ್ಬಿ ಇರುತ್ತದೆ, ಅದು ರಿಸರ್ವಾಯರ್. ಎಣ್ಣೆ ಜಾಸ್ತಿ ಹಿಡಿಯುತ್ತದೆ, ಬಿಸಿ ತಡೆಯುತ್ತದೆ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ವಾರವೆಲ್ಲ ಊರಲ್ಲಿ ಓಡಿಸಿ, ಭಾನುವಾರ ಮೇಲುಕೋಟೆ, ನಾಗಮಂಗಲದ ಕಡೆ ಕಲ್ಲು ದಾರಿಯಲ್ಲಿ ನಿಧಾನಕ್ಕೆ ಹೋಗುವವರಿಗೆ ಒಳ್ಳೆಯ ಗ್ಯಾಸ್ ಟ್ವಿನ್ ಟ್ಯೂಬ್ ಸಾಕು. ನಿಧಾನದ ಕಲ್ಲು ದಾರಿಯಲ್ಲಿ ಶಾಕ್ ಅಷ್ಟು ಬಿಸಿಯಾಗುವುದೇ ಇಲ್ಲ. ಲೋಡ್ ಹಾಕಿಕೊಂಡು ಹಾಳು ರಸ್ತೆಯಲ್ಲಿ ಗಂಟೆಗಟ್ಟಲೆ ಓಡುವ ಪಿಕಪ್‌ಗೆ, ರ‍್ಯಾಲಿ ಹುಚ್ಚಿನವರಿಗೆ ಮೋನೋಟ್ಯೂಬ್ ಬೇಕು. ರಿಸರ್ವಾಯರ್ ಶಾಕ್ ಸುಮ್ನೆ ನೋಡಲು ಚೆಂದ ಅಂತ ಹಾಕಿಸಬೇಡಿ. ಆ ದುಡ್ಡಿಗೆ ಒಳ್ಳೆಯ ಸ್ಪ್ರಿಂಗ್, ಹೊಸ ಬುಷ್ (ಬೋಲ್ಟಿನ ಸುತ್ತ ಕೂರುವ ರಬ್ಬರ್ ಬಳೆ), ಒಳ್ಳೆಯ ಟೈರ್ ಬರುತ್ತದೆ.

ಅಂಗಡಿಯಲ್ಲಿ ಎರಡು ಅಂಕಿ ಕೇಳಿ: ರಿಬೌಂಡ್ ಎಷ್ಟು, ಕಂಪ್ರೆಷನ್ ಎಷ್ಟು. ಬಿಲ್‌ಸ್ಟೈನ್ ಎಂಬ ಶಾಕ್ ಕಂಪನಿಯವರು ಇದನ್ನು 255/70 ಎಂಬ ಥರ ಬರೆಯುತ್ತಾರೆ. ಸರಳು ಸೆಕೆಂಡಿಗೆ 0.52 ಮೀಟರ್ ವೇಗದಲ್ಲಿ ಚಲಿಸಿದಾಗ ರಿಬೌಂಡ್ ತಡೆ 2550 ನ್ಯೂಟನ್, ಕಂಪ್ರೆಷನ್ ತಡೆ 700 ನ್ಯೂಟನ್ ಅಂತ ಅರ್ಥ. ರಿಬೌಂಡ್ ಅಷ್ಟು ದೊಡ್ಡದಾಗಿರುವುದು ಯಾಕೆ ಗೊತ್ತಾ? ಕಂಪ್ರೆಷನ್‌ನಲ್ಲಿ ಏಟು ತಿನ್ನಲು ಸ್ಪ್ರಿಂಗ್ ಜೊತೆಗಿದೆ. ರಿಬೌಂಡ್‌ನಲ್ಲಿ ಅದೇ ಸ್ಪ್ರಿಂಗನ್ನು ಶಾಕ್ ಒಂದೇ ಹಿಡಿದು ನಿಲ್ಲಿಸಬೇಕು. ಬೇರೆ ಕಂಪನಿಗಳು ಅಂಕಿ ಬರೆಯದೆ ಇಷ್ಟು ಕಿಲೋ ಹೆಚ್ಚುವರಿ ಭಾರಕ್ಕೆ ಅಂತ ಹೇಳುತ್ತವೆ. ವೇ ಬ್ರಿಡ್ಜ್ ಚೀಟಿ ಇಲ್ಲಿ ಕೆಲಸಕ್ಕೆ ಬರುತ್ತದೆ.

5. ಕಾನೂನು

ಅದೇ ಅಳತೆಯ ಶಾಕ್ ಬದಲಿಸುವುದು ಮಾಮೂಲಿ ರಿಪೇರಿ. ಗಾಡಿಯನ್ನು ಎತ್ತರಿಸುವುದು ಬೇರೆ ವಿಷಯ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿಯಿತು. ಲಿಫ್ಟ್ ಮಾಡಿಸುವ ಮುಂಚೆ ಆರ್‌ಟಿಒ ಕಚೇರಿಯಲ್ಲೂ ವಿಮೆ ಕಂಪನಿಯಲ್ಲೂ ಕೇಳಿ. ಅಪಘಾತ ಆದ ಮೇಲೆ ಕೇಳಿ ಪ್ರಯೋಜನ ಇಲ್ಲ.

6. ಹಾಕುವಾಗ

ಕಾಯಿಲ್ ಮತ್ತು ಶಾಕ್ ಒಂದರೊಳಗೊಂದು ಕೂತಿರುವ ಜೋಡಣೆಯನ್ನು ಮನೆಯಲ್ಲಿ ಬಿಚ್ಚಬೇಡಿ. ಅದುಮಿದ ಸ್ಪ್ರಿಂಗ್ ಜಾರಿದರೆ ಮುಖ ಒಡೆಯುತ್ತದೆ. ಅದು ಸರಿಯಾದ ಕಂಪ್ರೆಸರ್ ಇರುವ ಗ್ಯಾರೇಜಿನ ಕೆಲಸ. ಬೇರೆ ಬೇರೆ ಕೂತಿರುವ ಶಾಕ್ ಆದರೆ ನೀವೇ ಹಾಕಬಹುದು. ಗ್ಯಾಸ್ ಶಾಕ್‌ಗೆ ವೆಲ್ಡಿಂಗ್, ಗ್ಯಾಸ್ ಕಟಿಂಗ್ ತಾಗಿಸಲೇಬಾರದು, ಹಳೆಯದಾದರೂ ಸರಿ.

ಟ್ವಿನ್ ಟ್ಯೂಬ್ ಶಾಕ್ ಪೆಟ್ಟಿಗೆಯಲ್ಲಿ ಮಲಗಿದ್ದಾಗ ಗ್ಯಾಸ್, ಗಾಳಿ ಎಣ್ಣೆಯೊಳಗೆ ಸೇರಿಕೊಂಡಿರುತ್ತದೆ. ಹಾಕುವ ಮುಂಚೆ ನೆಟ್ಟಗೆ ಹಿಡಿದು ಐದಾರು ಸಲ ಪೂರ್ತಿ ಒತ್ತಿ ಬಿಡಿ. ಮೊದಲ ಒಂದೆರಡು ಸಲ ನಡುವೆ ಪೊಳ್ಳು ಸಿಗುತ್ತದೆ, ಆಮೇಲೆ ಒಂದೇ ಸಮ ಬಿಗಿ ಸಿಗುತ್ತದೆ. ಇದನ್ನು ತಲೆಕೆಳಗಾಗಿ ಹಾಕುವಂತಿಲ್ಲ.

ಈಗ ಎಲ್ಲರೂ ಮಾಡುವ ತಪ್ಪು. ಗಾಡಿ ಜಾಕಿ ಮೇಲಿದ್ದಾಗಲೇ, ಚಕ್ರ ಜೋತಾಡುತ್ತಿರುವಾಗಲೇ ಬುಷ್ ಬೋಲ್ಟ್ ಪೂರ್ತಿ ಬಿಗಿಯುತ್ತಾರೆ. ಬುಷ್‌ನ ರಬ್ಬರು ಆ ಭಂಗಿಯಲ್ಲೇ ಕಚ್ಚಿಕೊಳ್ಳುತ್ತದೆ. ಗಾಡಿ ನೆಲಕ್ಕಿಳಿದ ತಕ್ಷಣ ಅದು ತಿರುಚಿಕೊಂಡು, ಆಮೇಲೆ ಸದಾ ತಿರುಚಿಕೊಂಡೇ ಇರುತ್ತದೆ. ನನ್ನ ಗಾಡಿಗೆ ಒಂದು ಗ್ಯಾರೇಜಿನಲ್ಲಿ ಹೀಗೇ ಬಿಗಿದುಕೊಟ್ಟಿದ್ದರು. ಮಳೆಗಾಲ ಮುಗಿಯುವಷ್ಟರಲ್ಲಿ ಎರಡು ಬುಷ್ ಹರಿದು ಕಟಕಟ ಸದ್ದು ಶುರುವಾಯಿತು. ಬೋಲ್ಟ್ ಕೈಬಿಗಿ ಮಾಡಿ, ಗಾಡಿ ಇಳಿಸಿ, ಹಿಂದೆ ಮುಂದೆ ಸ್ವಲ್ಪ ಉರುಳಿಸಿ, ಚಕ್ರ ನೆಲದ ಮೇಲಿರುವಾಗ ಮ್ಯಾನುವಲ್‌ನಲ್ಲಿ ಕೊಟ್ಟ ಟಾರ್ಕ್‌ಗೆ ಬಿಗಿಯಿರಿ. ಎತ್ತರ ಬದಲಾಗಿದ್ದರೆ ಅಲೈನ್‌ಮೆಂಟ್ ಮತ್ತು ಹೆಡ್‌ಲೈಟ್ ಎರಡನ್ನೂ ಸರಿಮಾಡಿಸಿ.

7. ಟ್ಯೂನ್ ಮಾಡುವುದು

ಎರಡು ಮೂರು ಕಿಲೋಮೀಟರ್‌ನ ಒಂದೇ ದಾರಿ ಆರಿಸಿಕೊಳ್ಳಿ. ಅದರಲ್ಲಿ ಒಂದು ಹಂಪ್, ಒಂದಷ್ಟು ಕಲ್ಲು, ಒಂದು ತಿರುವು, ತಗಡಿನ ಶೀಟಿನ ಹಾಗೆ ಅಲೆ ಅಲೆಯಾದ ಮಣ್ಣು ರಸ್ತೆ ಇದ್ದರೆ ಒಳ್ಳೆಯದು. ನಾಲೆ ಏರಿ ಮೇಲೆ ಮಾತ್ರ ಪರೀಕ್ಷೆ ಬೇಡ. 2018ರ ನವೆಂಬರ್‌ನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಬಿದ್ದು 30 ಜನ ಹೋದರು. ಏರಿಯ ಮೇಲೆ ತಪ್ಪಿಗೆ ಜಾಗ ಇರುವುದಿಲ್ಲ. ಬಂಡೀಪುರ, ನಾಗರಹೊಳೆ ಕಾಡಿನೊಳಗೂ ಇದಕ್ಕೆ ಅವಕಾಶ ಇಲ್ಲ. ಪರಿಚಯದವರ ತೋಟದ ದಾರಿ, ಕೇಳಿಕೊಂಡು, ಅತ್ಯುತ್ತಮ.

ಪ್ರತಿ ಸುತ್ತಿಗೂ ಅದೇ ವೇಗ, ಅದೇ ಭಾರ, ಅದೇ ಟೈರ್ ಗಾಳಿ. ಗಾಳಿಯನ್ನೇ ಮೊದಲು ಸರಿಮಾಡಿ. ರಸ್ತೆಗೆ 32 ಪಿಎಸ್‌ಐ ಇಡುವವರು ಕಲ್ಲು ಮಣ್ಣಿಗೆ 24ರ ಆಸುಪಾಸು ಇಳಿಸಿ, ವೇಗ ತಗ್ಗಿಸಿ, ಟಾರ್ ರಸ್ತೆ ಸೇರುವ ಮುಂಚೆ ಮತ್ತೆ ತುಂಬಿಸಿ. ಶಾಕ್ ಗಟ್ಟಿ ಅನ್ನಿಸುವ ಎಷ್ಟೋ ಗಾಡಿಗಳಲ್ಲಿ ತಪ್ಪು ಟೈರಿನ ಗಾಳಿಯದ್ದು.

ಹೊಂದಿಸಬಹುದಾದ ಶಾಕ್‌ನಲ್ಲಿ ತಿರುಗಿಸುವ ಗುಬಟಿ ಇರುತ್ತದೆ, ಟಿಕ್ ಟಿಕ್ ಅನ್ನುತ್ತದೆ. ಒಂದು ಟಿಕ್‌ಗೆ ಒಂದು ಕ್ಲಿಕ್. ಗುಬಟಿಯನ್ನು ಪೂರ್ತಿ ಮುಚ್ಚಿ (ಅಂದರೆ ಗಟ್ಟಿಯಾಗುವ ಕಡೆಗೆ ಕೊನೆಯವರೆಗೆ ತಿರುಗಿಸಿ), ಅಲ್ಲಿಂದ ಹೊರಗೆ ಎಷ್ಟು ಕ್ಲಿಕ್ ಅಂತ ಎಣಿಸಿ. ಮುಚ್ಚುವಾಗ ಬಲ ಹಾಕಬೇಡಿ. ಕಂಪನಿ ಹೇಳಿದ ಕ್ಲಿಕ್‌ನಿಂದ ಶುರುಮಾಡಿ, ಅದು ಇಲ್ಲದಿದ್ದರೆ ನಡುವಿನಿಂದ. ಒಂದು ಸಲಕ್ಕೆ ಒಂದೇ ಬದಲಾವಣೆ, ಎರಡು ಕ್ಲಿಕ್. ಬರೆದಿಡಿ.

ಮೊದಲು ರಿಬೌಂಡ್. ಹಂಪ್ ಮೇಲೆ 20 ಕಿಲೋಮೀಟರ್ ವೇಗದಲ್ಲಿ ಹೋಗಿ, ಹೊರಗೆ ನಿಂತ ಗೆಳೆಯರೊಬ್ಬರು ವಿಡಿಯೊ ಮಾಡಲಿ. ಗಾಡಿಯ ಹಿಂಭಾಗ ಒಮ್ಮೆ ಎದ್ದು, ಇಳಿದು, ಕೂರಬೇಕು. ಇಳಿದು ಮತ್ತೆ ಏಳುತ್ತಿದ್ದರೆ ರಿಬೌಂಡ್ ಸಾಲದು, ಎರಡು ಕ್ಲಿಕ್ ಮುಚ್ಚಿ. ಕುದುರೆ ಹಿಂಗಾಲು ಝಾಡಿಸಿದಂತೆ ಹಿಂಭಾಗ ಒದೆಯುವುದಕ್ಕೂ ಹೆಚ್ಚಿನ ಸಲ ಇದೇ ಕಾರಣ.

ಇನ್ನೊಂದು ತುದಿ ಹಿಡಿಯುವುದು ಕಷ್ಟ, ಇಲ್ಲೇ ಜನ ಮೋಸ ಹೋಗುತ್ತಾರೆ. ಅಲೆ ಅಲೆ ರಸ್ತೆಯಲ್ಲಿ ಮೊದಲ ನಾಲ್ಕು ಅಲೆ ಮೆತ್ತಗೆ ಹೋಗಿ, ಹತ್ತನೆಯ ಅಲೆ ಹೊತ್ತಿಗೆ ಗಾಡಿ ಕಲ್ಲಿನಂತೆ ಬಡಿಯುತ್ತಿದೆಯಾ? ರಿಬೌಂಡ್ ಜಾಸ್ತಿಯಾಗಿದೆ. ಚಕ್ರ ಕೆಳಗಿಳಿಯುವ ಮುಂಚೆಯೇ ಮುಂದಿನ ಅಲೆ ಬಂತು, ಅದು ಇಳಿಯುವ ಮುಂಚೆ ಇನ್ನೊಂದು. ಗಾಡಿ ಮೆಟ್ಟಿಲು ಮೆಟ್ಟಿಲಾಗಿ ಕುಸಿದು ಬಂಪ್ ಸ್ಟಾಪ್ ಮೇಲೆ ಕೂತುಬಿಡುತ್ತದೆ. ಇದಕ್ಕೆ ಪ್ಯಾಕಿಂಗ್ ಅನ್ನುತ್ತಾರೆ. ಓಡಿಸುವವರಿಗೆ ಶಾಕ್ ತಳ ಬಡಿಯುತ್ತಿದೆ ಅನ್ನಿಸುತ್ತದೆ, ಕಂಪ್ರೆಷನ್ ಇನ್ನಷ್ಟು ಗಟ್ಟಿ ಮಾಡುತ್ತಾರೆ, ಇನ್ನಷ್ಟು ಹಾಳಾಗುತ್ತದೆ. ಮಾಡಬೇಕಾದದ್ದು ರಿಬೌಂಡ್ ಎರಡು ಕ್ಲಿಕ್ ಸಡಿಲ ಮಾಡುವುದು.

ರಿಬೌಂಡ್ ಕೂತ ಮೇಲೆ ಕಂಪ್ರೆಷನ್. ಕೆಲವು ಶಾಕ್‌ನಲ್ಲಿ ಲೋ ಸ್ಪೀಡ್, ಹೈ ಸ್ಪೀಡ್ ಎಂಬ ಎರಡು ಗುಬಟಿ ಇರುತ್ತವೆ. ಇದು ಗಾಡಿಯ ವೇಗ ಅಲ್ಲ, ಸರಳಿನ ವೇಗ. ತಿರುವಿನಲ್ಲಿ ವಾಲುವುದು, ಬ್ರೇಕಿಗೆ ಮೂತಿ ತಗ್ಗುವುದು ಲೋ ಸ್ಪೀಡ್. ಕಲ್ಲಿನ ಅಂಚು, ಗುಂಡಿಯ ತುದಿ ಬಡಿಯುವುದು ಹೈ ಸ್ಪೀಡ್, ಗಾಡಿ 20ರಲ್ಲಿದ್ದರೂ ಸರಿ.

ಕಂಪ್ರೆಷನ್ ಸಾಕಾ ಸಾಲದಾ ಅಂತ ತಿಳಿಯಲು ಸುಣ್ಣ ಬೇಕು. ಎಲೆ ಅಡಿಕೆಗೆ ಹಚ್ಚುವ ಸುಣ್ಣವನ್ನೇ ಬಂಪ್ ಸ್ಟಾಪ್ ತುದಿಗೆ ಒಂದು ಬೊಟ್ಟು ಇಡಿ. ಸರಳು ಕಾಣುವ ಶಾಕ್ ಆದರೆ ಸರಳಿಗೆ ಕೇಬಲ್ ಟೈ ಕಟ್ಟಿ, ಸೀಲಿನವರೆಗೆ ಸರಿಸಿ. ಕಟ್ಟು ತೀರಾ ಬಿಗಿ ಬೇಡ, ಬೆರಳಿಗೆ ಸರಿಯುವಷ್ಟಿರಲಿ. ಸುತ್ತು ಮುಗಿಸಿ ಬಂದು ನೋಡಿ. ಶಾಕ್ ಎಲ್ಲಿಯವರೆಗೆ ಮುಚ್ಚಿತ್ತೋ ಅಲ್ಲಿ ಟೈ ನಿಂತಿರುತ್ತದೆ. ಸುಣ್ಣ ಅಳಿಸಿ ಆಕ್ಸಲ್‌ಗೆ ಅಂಟಿದ್ದರೆ ತಾಗಿದೆ. ಸುತ್ತಿನ ಅತಿ ಕೆಟ್ಟ ಜಾಗದಲ್ಲಿ ಒಂದೋ ಎರಡೋ ಸಲ ಮೆಲ್ಲಗೆ ತಾಗಿದರೆ ಸರಿಯಾಗಿದೆ. ದಢಾರ್ ಅಂತ ಸದ್ದು ಬಂದರೆ ಕಂಪ್ರೆಷನ್ ಹೆಚ್ಚಿಸಿ. ಎಷ್ಟು ಓಡಿಸಿದರೂ ಸುಣ್ಣ ಹಾಗೇ ಇದ್ದು ಬೆನ್ನಿಗೆ ಏಟು ಬೀಳುತ್ತಿದ್ದರೆ ಗಟ್ಟಿ ಜಾಸ್ತಿಯಾಗಿದೆ.

ಕಾಯಿಲ್ ಶಾಕ್‌ನ ಪ್ರಿಲೋಡ್ (ಸ್ಪ್ರಿಂಗನ್ನು ಮೊದಲೇ ಸ್ವಲ್ಪ ಅದುಮಿಡುವುದು) ಬಗ್ಗೆಯೂ ಒಂದು ತಪ್ಪು ಕಲ್ಪನೆ ಇದೆ. ಸ್ಪ್ರಿಂಗ್ ಕೆಳಗಿನ ಬಳೆ ತಿರುಗಿಸಿ ಬಿಗಿದರೆ ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ. ಗಾಡಿ ಎತ್ತರವಾಗುತ್ತದೆ, ಎತ್ತರ ಆದಷ್ಟೂ ಡ್ರೂಪ್ ಕಡಿಮೆಯಾಗುತ್ತದೆ. ಅತಿಯಾದರೆ ಸಣ್ಣ ಗುಂಡಿಗೂ ಚಕ್ರ ನೆಲ ಬಿಡುತ್ತದೆ.

ಖಾಲಿ ಪಿಕಪ್ ಹಿಂದೆ ಕುಣಿಯುತ್ತದೆ ಅಂತ ಬಹಳ ಜನ ಹೇಳುತ್ತಾರೆ. ಆ ಸ್ಪ್ರಿಂಗ್ ಮಾಡಿರುವುದೇ ಲೋಡ್‌ಗೆ. ಗಟ್ಟಿ ಶಾಕ್ ಹಾಕಿದರೆ ಕುಣಿತ ಹೋಗಿ ಬಡಿತ ಬರುತ್ತದೆ. ಹಿಂದಿನ ಟೈರ್ ಗಾಳಿ ಮ್ಯಾನುವಲ್‌ನಲ್ಲಿ ಖಾಲಿ ಗಾಡಿಗೆ ಹೇಳಿದಷ್ಟಕ್ಕೆ ಇಳಿಸಿ, ನೂರು ಕಿಲೋ ಮರಳು ಚೀಲ ಆಕ್ಸಲ್ ಮೇಲೆ ಬರುವಂತೆ ಕಟ್ಟಿ ಓಡಿಸಿ ನೋಡಿ. ಪ್ಲೇಟುಗಳ ನಡುವಿನ ತುಕ್ಕು ತೆಗೆಸಿ, ಶ್ಯಾಕಲ್ (ಪ್ಲೇಟ್ ಸ್ಪ್ರಿಂಗಿನ ತುದಿಯ ಕೊಂಡಿ) ಬುಷ್ ಸವೆದಿದ್ದರೆ ಬದಲಿಸಿ. ಇಷ್ಟಕ್ಕೇ ಅರ್ಧ ತೊಂದರೆ ಹೋಗುತ್ತದೆ.

ಗುಬಟಿ ಇಲ್ಲದ ಶಾಕ್ ಆದರೆ ನಿಮ್ಮ ಕೈಯಲ್ಲಿರುವುದು ಟೈರ್ ಗಾಳಿ, ಭಾರ ಹಂಚುವ ರೀತಿ ಮತ್ತು ಸ್ಪ್ರಿಂಗ್. ಬಿಚ್ಚಿ ಜೋಡಿಸಬಹುದಾದ ಮೋನೋಟ್ಯೂಬ್ ಆದರೆ ಪರಿಣತರು ಶಿಮ್ ಬದಲಿಸಿ ಹೊಸದಾಗಿ ಹೊಂದಿಸಿ ಕೊಡುತ್ತಾರೆ. ಅವರ ಬಳಿ ಹೋಗುವಾಗ ತೂಕದ ಚೀಟಿ ಮತ್ತು ನಿಮ್ಮ ನೋಟ್‌ಬುಕ್ ತೆಗೆದುಕೊಂಡು ಹೋಗಿ. "ಸ್ವಲ್ಪ ಮೆತ್ತಗೆ ಮಾಡಿ" ಅಂದರೆ ಅವರಿಗೆ ಏನೂ ಗೊತ್ತಾಗುವುದಿಲ್ಲ.

8. ಆಮೇಲೆ

ಮೊದಲ 500 ಕಿಲೋಮೀಟರ್ ಆದ ಮೇಲೆ ಎಲ್ಲ ಬೋಲ್ಟ್ ಮತ್ತೊಮ್ಮೆ ಟಾರ್ಕ್ ನೋಡಿ. ಗದ್ದೆ ಕೆಸರಿಗೆ ಇಳಿದು ಬಂದ ದಿನವೇ ಸರಳಿನ ಸುತ್ತಲಿನ ಮಣ್ಣನ್ನು ಸುಮ್ಮನೆ ನೀರು ಬಿಟ್ಟು ತೊಳೆಯಿರಿ. ಒಣಗಿದರೆ ಅದೇ ಮಣ್ಣು ಉಪ್ಪುಕಾಗದದಂತೆ ಸೀಲನ್ನು ತಿನ್ನುತ್ತದೆ. ಪ್ರೆಶರ್ ವಾಶ್‌ನ ಮೂತಿಯನ್ನು ಸೀಲಿಗೆ ಹತ್ತಿರ ಹಿಡಿಯಲು ಬಿಡಬೇಡಿ, ನೀರು ಒಳಗೆ ನುಗ್ಗುತ್ತದೆ. ಗುಬಟಿ ಇರುವ ಶಾಕ್ ಆದರೆ ತಿಂಗಳಿಗೊಮ್ಮೆ ಒಂದೆರಡು ಕ್ಲಿಕ್ ಆಚೀಚೆ ತಿರುಗಿಸಿ, ಬರೆದಿಟ್ಟ ಅಂಕಿಗೆ ವಾಪಸ್ ತನ್ನಿ. ಇಲ್ಲದಿದ್ದರೆ ಮಣ್ಣು ಕೂತು ಜಾಮ್ ಆಗುತ್ತದೆ.